ನಾನು ತಿರುಗಿಸಿದ ಅರ್ಧ ಸುತ್ತು

ಬಲಗೈ ನಡುಗಲು ಶುರುವಾದ ಮೇಲೆ ಚಿತ್ತಾಪುರದ ವಾಡಿ ರಸ್ತೆಯಲ್ಲಿದ್ದ ನನ್ನ ಸೈಕಲ್ ಅಂಗಡಿ ಮುಚ್ಚಿದೆ. ನಟ್ಟು ಬಿಗಿಯುವ ಪಾನಾ ಹಿಡಿಯಲು ಈಗಲೂ ಬರುತ್ತದೆ. ಆದರೆ ಸಣ್ಣ ತಿರುಪಿನ ತಲೆಯಲ್ಲಿ ಸ್ಕ್ರೂ ಡ್ರೈವರಿನ ಮೊನೆ ಕೂಡಿಸಲು ಹೋದರೆ ಜಾರುತ್ತದೆ. ಗೇರ್ ಸೈಕಲ್ಲಿನ ಕೆಲಸವೆಲ್ಲ ಸಣ್ಣ ತಿರುಪಿನದೇ. ಅಂದಾಜಿನ ಮೇಲೆ ತಿರುಗಿಸುವವನು ಆ ಕೆಲಸ ಮಾಡಬಾರದು. ಇದನ್ನು ನಾನು ಹೇಗೆ ಕಲಿತೆ ಎಂಬುದೇ ಈ ಬರಹ.

ಸೇಡಂನಲ್ಲಿ ಹೊಸದಾಗಿ ಸೈಕಲ್ ಅಂಗಡಿ ತೆಗೆದಿರುವ ಅಣ್ಣತಮ್ಮಂದಿರಿಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ಫೋನಿನಲ್ಲಿ ವಿಡಿಯೋ ನೋಡಿ ಕೆಲಸ ಕಲಿತವರು, ಕೈ ಚುರುಕಾಗಿದೆ. ಹಿಂದಿನ ಗೇರು ಸರಿಯಾಗಿ ಬೀಳದಿದ್ದರೆ ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು, ಒಂದು ಹಾಳೆಯಲ್ಲಿ ಬರೆದುಕೊಡಿ ಎಂದರು. ಒಂದು ಹಾಳೆಯಲ್ಲಿ ಮುಗಿಯುವುದಿಲ್ಲ ಅಂದೆ. ಬರೆಯುತ್ತ ಕೂತ ಮೇಲೆ ಇಷ್ಟಾಗಿದೆ.

ನನ್ನ ಹೆಸರು ಸಾಯಬಣ್ಣ. ಊರು ರಾವೂರ. ಇಪ್ಪತ್ತು ವರ್ಷದವನಾಗುವವರೆಗೆ ಅಪ್ಪನ ಜೊತೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿದ್ದೆ. ಅಪ್ಪ ಕೆಮ್ಮಲು ಶುರು ಮಾಡಿ, ಎರಡು ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟ. ಅವನ ಎದೆಯ ಫೋಟೋ ನೋಡಿದ ಡಾಕ್ಟರು ನನ್ನ ಕಡೆ ತಿರುಗಿ, ನೀನೂ ಅದೇ ಕೆಲಸ ಮಾಡ್ತಿ ಏನು ಎಂದು ಕೇಳಿದರು. ಹೌದು ಅಂದೆ. ಮರುವಾರ ನಾನು ಶಹಾಬಾದಿಗೆ ಹೋಗಿ ಖಾಸಿಂ ಉಸ್ತಾದರ ಸೈಕಲ್ ಅಂಗಡಿಯಲ್ಲಿ ಕೆಲಸ ಕೇಳಿದೆ.

ಉಸ್ತಾದರು ನಗುತ್ತಿದ್ದ ಮನುಷ್ಯರಲ್ಲ. ಅವರ ಅಂಗಡಿಯಲ್ಲಿ ಆರು ವರ್ಷ ಇದ್ದೆ, ಒಂದು ಸಲವೂ ಶಾಬಾಸ್ ಅಂದಿದ್ದು ನೆನಪಿಲ್ಲ. ಸೈಕಲ್ಲು ಬಂದರೆ ಮೊದಲು ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ತಂದವನನ್ನು ಕೂಡಿಸಿ, ಏನಾಗ್ಯದ, ಯಾವಾಗಿಂದ ಆಗ್ಯದ, ಅದಕ್ಕಿಂತ ಮೊದಲು ಏನಾಗಿತ್ತು ಎಂದು ಕೇಳಬೇಕು. ನನಗೆ ಅದು ಕಾಲಹರಣ ಅನ್ನಿಸುತ್ತಿತ್ತು. ಆಗಿನ ಸೈಕಲ್ಲುಗಳಲ್ಲಿ ಕೆಡಲು ಇದ್ದದ್ದಾದರೂ ಏನು? ಪಂಕ್ಚರು, ಬ್ರೇಕು, ಚೈನು, ಪೆಡಲಿನ ಕಟ್ಟರ್ ಪಿನ್ನು. ನೋಡಿದ ಕೂಡಲೇ ತಿಳಿಯುತ್ತಿತ್ತು. ಕೇಳುವುದು ಯಾಕೆ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಅಲ್ಲಿಂದ ಬಿಟ್ಟು ಚಿತ್ತಾಪುರಕ್ಕೆ ಬಂದು ಸ್ವಂತ ಅಂಗಡಿ ಹಾಕಿದೆ. ಬಹಳ ವರ್ಷ ಅದೇ ಪಂಕ್ಚರು, ಅದೇ ಬ್ರೇಕು. ಜನ ಮೋಟಾರ್ ಸೈಕಲ್ಲಿಗೆ ಹೋದರು, ಅಂಗಡಿ ಖಾಲಿ ಹೊಡೆಯಿತು. ಆಮೇಲೆ ಗೇರ್ ಸೈಕಲ್ಲುಗಳು ಬಂದವು. ಮೊದಲು ವಾಡಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಒಂದೆರಡು, ಆಮೇಲೆ ಎಲ್ಲ ಕಡೆ. ಫೋನಿನಲ್ಲಿ ಆರ್ಡರ್ ಮಾಡಿದರೆ ರಟ್ಟಿನ ಡಬ್ಬಿಯಲ್ಲಿ ಸೈಕಲ್ಲು ಮನೆಗೇ ಬರುವ ಕಾಲ ಬಂತು. ಡಬ್ಬಿಯಿಂದ ತೆಗೆದು ಜೋಡಿಸಿಕೊಡುವ ಕೆಲಸ ನನಗೆ.

ಹಿಂದಿನ ಗಾಲಿಯ ನಡುವೆ ಏಳೆಂಟು ಹಲ್ಲುಚಕ್ರಗಳು, ಸಣ್ಣದರಿಂದ ದೊಡ್ಡದಕ್ಕೆ ಒತ್ತಾಗಿ. ಅಂಗಡಿಯ ಮಾತಿನಲ್ಲಿ ಬರೀ ಹಲ್ಲು. ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸಲು ಕೆಳಗೆ ಜೋತುಬಿದ್ದ ಒಂದು ಯಂತ್ರ. ನಾವು ಅದಕ್ಕೆ ಡ್ರೇಲರ್ ಅನ್ನುತ್ತೇವೆ. ಹ್ಯಾಂಡಲಿನಿಂದ ಬರುವ ತಂತಿ ಎಳೆದರೆ ಅದು ಒಳಗೆ, ಗಾಲಿಯ ಕಡ್ಡಿಗಳ ಕಡೆಗೆ ಸರಿಯುತ್ತದೆ. ತಂತಿ ಬಿಟ್ಟರೆ ಸ್ಪ್ರಿಂಗು ಅದನ್ನು ಹೊರಗೆ ತರುತ್ತದೆ. ಎರಡು ಸಣ್ಣ ತಿರುಪುಗಳಿವೆ. ಒಂದು ಯಂತ್ರವನ್ನು ಹೊರಗೆ ಎಷ್ಟು ಹೋಗಬೇಕೋ ಅಲ್ಲಿಗೆ ತಡೆಯುತ್ತದೆ, ಇನ್ನೊಂದು ಒಳಗೆ ಎಷ್ಟು ಹೋಗಬೇಕೋ ಅಲ್ಲಿಗೆ. ಈ ಎರಡನೆಯ ತಿರುಪು ನೆನಪಿಟ್ಟುಕೊಳ್ಳಿ.

ಕಲಿಸುವವರು ಯಾರೂ ಇರಲಿಲ್ಲ. ಸೈಕಲ್ಲು ಕೆಡಿಸಿ ಕೆಡಿಸಿ ಕಲಿತೆ.

ವಾಡಿಯ ಖಣಿಯೊಂದರಲ್ಲಿ ಕೂಲಿಗಳ ಮೇಲೆ ಮುಕಾದಮನಾಗಿದ್ದ ಒಬ್ಬರ ಸೈಕಲ್ಲು ಮೂರು ಸಲ ವಾಪಸ್ ಬಂತು. ದೊಡ್ಡ ಹಲ್ಲಿಗೆ ಹೋಗುತ್ತದೆ, ತಿರುಗಿ ಸಣ್ಣದಕ್ಕೆ ಬರುವುದಿಲ್ಲ. ನಾನು ಮೂರು ಸಲವೂ ತಿರುಪು ಬಿಗಿ ಮಾಡಿದೆ, ಸಡಿಲ ಮಾಡಿದೆ. ನಾಲ್ಕನೆಯ ಸಲ ಅವರು ಸಿಟ್ಟಿನಿಂದ ಸೈಕಲ್ಲನ್ನು ಅಂಗಡಿಯ ಮುಂದೆ ಚೆಲ್ಲಿ ಹೋದರು. ಅವತ್ತು ತಂತಿಯನ್ನೇ ಅದರ ಕವಚದಿಂದ ಎಳೆದು ತೆಗೆದೆ. ಬಿಳಿ ಹಿಟ್ಟು ಬಂತು. ಖಣಿಯ ಧೂಳು ಮಳೆನೀರಿನಲ್ಲಿ ಕಲೆಸಿ, ಕವಚದೊಳಗೆ ಕುಳಿತು, ಒಣಗಿ ಕಲ್ಲಾಗಿತ್ತು. ತಂತಿ ಎಳೆದರೆ ಬರುತ್ತಿತ್ತು, ಬಿಟ್ಟರೆ ಸ್ಪ್ರಿಂಗಿಗೆ ಅದನ್ನು ವಾಪಸ್ ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ತಂತಿ, ಕವಚ ಎರಡೂ ಬದಲಿಸಿದೆ, ಗೇರು ಬೆಣ್ಣೆಯ ಹಾಗೆ ಬಿತ್ತು. ಅಪ್ಪನ ಎದೆಯ ಫೋಟೋದಲ್ಲಿ ಕಂಡದ್ದೂ ಇದೇ ಧೂಳಲ್ಲವೆ ಎಂದು ಆ ಬಿಳಿ ಹಿಟ್ಟನ್ನು ಬೆರಳಲ್ಲಿ ತಿಕ್ಕುತ್ತ ಬಹಳ ಹೊತ್ತು ಕೂತಿದ್ದೆ. ನಮ್ಮ ಕಡೆ ಗೇರು ವಾಪಸ್ ಬರುತ್ತಿಲ್ಲ ಅಂದರೆ ಮೊದಲು ಕವಚ ನೋಡಿ. ತಿರುಪಿಗೆ ಕೈ ಹಾಕಬೇಡಿ.

ಇನ್ನೊಬ್ಬರು ಚಿಂಚೋಳಿ ಹತ್ತಿರದ ಚಂದಾಪುರದಿಂದ ಬಸ್ಸಿನ ಮೇಲೆ ಸೈಕಲ್ಲು ಹಾಕಿಕೊಂಡು ಬರುತ್ತಿದ್ದ ಡ್ರಾಯಿಂಗ್ ಮಾಸ್ತರರು. ಏರಿನಲ್ಲಿ ಜೋರಾಗಿ ತುಳಿದರೆ ಚೈನು ಜಿಗಿಯುತ್ತದೆ ಎಂದರು. ಹೊಸ ಚೈನು ಹಾಕಿದೆ, ಇನ್ನೂ ಹೆಚ್ಚು ಜಿಗಿಯಿತು. ನೀವು ಭಾಳ ಜೋರ್ ತುಳಿತೀರಿ ಸರ್ ಅಂದೆ. ಹಲ್ಲುಗಳೇ ಸವೆದು ಮೊನೆಯಾಗಿವೆ, ಹೊಸ ಚೈನು ಹಳೆಯ ಹಲ್ಲಿನಲ್ಲಿ ಕೂಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಮೊದಲು ನನ್ನ ಬಾಯಲ್ಲಿ ಬಂದದ್ದು ತುಳಿಯುವವರ ತಪ್ಪು. ಮಾಸ್ತರರು ಸೈಕಲ್ಲು ತಳ್ಳಿಕೊಂಡು ಬಸ್ಸಿನ ಕಡೆಗೆ ಹೋದರು. ಆಮೇಲೆ ನನ್ನ ಅಂಗಡಿಗೆ ಬರಲೇ ಇಲ್ಲ.

ಹೀಗೆ ಹತ್ತು ವರ್ಷದಲ್ಲಿ ಕೆಲಸ ಬಂತು, ಹೆಸರೂ ಬಂತು. ಗೇರಿನ ಸಾಯಬಣ್ಣ ಎಂದು ಕರೆಯುತ್ತಿದ್ದರು. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಪೆಡಲು ತಿರುಗಿಸಿ, ಸದ್ದು ಕೇಳಿ, ಎರಡು ನಿಮಿಷದಲ್ಲಿ ಸರಿ ಮಾಡಿ ಕೊಡುತ್ತಿದ್ದೆ. ಜನ ನಿಂತು ನೋಡುತ್ತಿದ್ದರು. ಕೇಳುವುದನ್ನು ಪೂರ್ತಿ ಬಿಟ್ಟಿದ್ದೆ.

ಆ ದಿನಗಳಲ್ಲಿ ಸುಜಾತಾಬಾಯಿ ಬಂದರು.

ಕಾಗಿಣಾ ಹೊಳೆಯ ಹತ್ತಿರದ ದಂಡೋತಿಯವರು. ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರನ್ನು ನೋಡುವುದು ಅವರ ಕೆಲಸ. ನಲವತ್ತು ದಾಟಿದ ಹೆಣ್ಣುಮಗಳು. ಸ್ಕೂಟಿ ಕಲಿಯಲು ಹೋಗಿ ಬಿದ್ದು ಅದು ಬೇಡವೆಂದು, ಸೈಕಲ್ಲಾದರೆ ಚಿಕ್ಕಂದಿನಿಂದ ಗೊತ್ತು ಎಂದು, ಗೇರಿನ ಸೈಕಲ್ಲು ತೆಗೆದುಕೊಂಡಿದ್ದರು. ಡಬ್ಬಿಯಿಂದ ತೆಗೆದು ಜೋಡಿಸಿದವನು ನಾನೇ. ಹಿಂದೆ ಔಷಧದ ಪೆಟ್ಟಿಗೆ ಕಟ್ಟಲು ಕ್ಯಾರಿಯರ್ ಹಾಕಿಸಿಕೊಂಡಿದ್ದರು. ಮೊದಮೊದಲು ದಂಡೋತಿಯಲ್ಲಿ ಜನ ನಕ್ಕರಂತೆ. ಅವರು ಅದನ್ನು ನಗುತ್ತಲೇ ನನಗೆ ಹೇಳಿದ್ದರು. ಯಾವ ಏರಿಗೆ ಯಾವ ಹಲ್ಲು ಎಂದು ಕೇಳಿ ತಿಳಿದುಕೊಂಡು, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು.

ಅವತ್ತು ಸೋಮವಾರ, ಮಧ್ಯಾಹ್ನ. ಅಂಗಡಿಯ ಮುಂದೆ ನಾಲ್ಕೈದು ಸೈಕಲ್ಲು ನಿಂತಿದ್ದವು. ಸುಜಾತಾಬಾಯಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮೀಟಿಂಗು ಇತ್ತು. ಎರಡು ವಿಷಯ ಹೇಳಿದರು. ನಡುವಿನ ಹಲ್ಲುಗಳಲ್ಲಿ ಚೈನು ಒಂದು ಕಡೆ ನಿಲ್ಲುವುದಿಲ್ಲ, ತಾನೇ ಜಿಗಿಯುತ್ತದೆ. ಇನ್ನೊಂದು ಮಾತು ಹೀಗಿತ್ತು:

"ಎಲ್ಲಕ್ಕಿಂತ ದೊಡ್ಡ ಹಲ್ಲಿಗೆ ಹಾಕಿದಾಗ ಗಾಲಿ ಒಳಗ ಟಿಕ್ ಟಿಕ್ ಅಂತದ ನೋಡ್ರಿ ಅಣ್ಣ. ಹೋದ ವಾರ ಬಸ್ಸಿನ ಮ್ಯಾಲಿಂದ ಇಳಿಸುವಾಗ ಬಲಕ್ಕ ಬಿದ್ದಿತ್ತು. ಅವತ್ತಿನಿಂದ ಹಿಂಗ ಆಗಾಕತ್ತದ."

ನಾನು ಬೇರೆ ಸೈಕಲ್ಲಿನ ಬ್ರೇಕು ಬಿಗಿಯುತ್ತಿದ್ದೆ. ತಲೆ ಎತ್ತಲಿಲ್ಲ. "ಏನಾಗಲ್ಲ ಬಿಡ್ರಿ ಬಾಯಿ, ತಂತಿ ಹೆಚ್ಚುಕಮ್ಮಿ ಆಗಿರ್ತದ. ಮೀಟಿಂಗ್ ಮುಗಿಸಿ ಬರ್ರಿ, ಮಾಡಿ ಇಟ್ಟಿರ್ತೀನಿ" ಅಂದೆ.

ಇಲ್ಲಿ ನಿಧಾನ ಓದಿ. ಡ್ರೇಲರ್ ನೇತುಬಿದ್ದಿರುವುದು ಚೌಕಟ್ಟಿನ ಕೊನೆಯಲ್ಲಿರುವ ಒಂದು ಸಣ್ಣ ಲೋಹದ ಕಿವಿಗೆ. ಹ್ಯಾಂಗರ್ ಅನ್ನುತ್ತಾರೆ. ಮೆತ್ತನೆಯ ಲೋಹ. ಸೈಕಲ್ಲು ಬಲಕ್ಕೆ ಬಿದ್ದರೆ ಮೊದಲು ಪೆಟ್ಟು ಬೀಳುವುದು ಡ್ರೇಲರಿಗೆ, ಬಾಗುವುದು ಆ ಕಿವಿ. ಬಾಗಿದರೆ ಯಂತ್ರವೆಲ್ಲ ಒಳಗೆ, ಕಡ್ಡಿಗಳ ಕಡೆಗೆ ವಾಲುತ್ತದೆ. ಹಿಂದೆ ಹೋಗಿ, ಕೂತು, ನೇರವಾಗಿ ನೋಡಿದರೆ ಕಾಣುತ್ತದೆ. ಹಲ್ಲುಚಕ್ರ ನೆಟ್ಟಗೆ ನಿಂತಿರುತ್ತದೆ, ಅದರ ಕೆಳಗೆ ಡ್ರೇಲರ್ ಓರೆಯಾಗಿರುತ್ತದೆ. ನೋಡಲು ಬೇಕಾಗುವುದು ಮೂರು ಉಸಿರಿನಷ್ಟು ಹೊತ್ತು.

ನಾನು ಹಿಂದೆ ಹೋಗಿ ಕೂರಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ಪಕ್ಕದಲ್ಲಿ ನಿಂತು ಪೆಡಲು ತಿರುಗಿಸಿದೆ. ನಡುವಿನ ಹಲ್ಲುಗಳು ಸರಿಯಾಗಿ ಬೀಳುವವರೆಗೆ ತಂತಿ ಸಡಿಲ ಮಾಡಿದೆ. ಬಿದ್ದವು. ಆದರೆ ಈಗ ಚೈನು ಎಲ್ಲಕ್ಕಿಂತ ದೊಡ್ಡ ಹಲ್ಲಿಗೆ ಏರಲು ಹಿಂದೆಮುಂದೆ ನೋಡುತ್ತಿತ್ತು. ಅದಕ್ಕೆ ಒಳಗೆ ಹೋಗುವುದನ್ನು ತಡೆಯುವ ಆ ಎರಡನೆಯ ತಿರುಪನ್ನು ಅರ್ಧ ಸುತ್ತು ಬಿಚ್ಚಿದೆ. ಏರಿತು. ಟಿಕ್ ಟಿಕ್ ಸದ್ದು ಕೇಳಿಸಲಿಲ್ಲ. ಭಾರವಿಲ್ಲದ ಸೈಕಲ್ಲಿನಲ್ಲಿ ಕೇಳಿಸುವುದಿಲ್ಲ. ಮನುಷ್ಯ ಕೂತು, ಹಿಂದೆ ಪೆಟ್ಟಿಗೆ ಇದ್ದು, ಏರಿನಲ್ಲಿ ಕಾಲು ಊರಿ ತುಳಿದಾಗ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ, ಆಗ ಯಂತ್ರ ಕಡ್ಡಿಗೆ ಬಡಿಯುತ್ತದೆ. ಬಾಗಿದ ಯಂತ್ರಕ್ಕೆ ಕಡ್ಡಿಗಳವರೆಗೆ ಹೋಗಲು ದಾರಿ ಮಾಡಿಕೊಟ್ಟವನು ನಾನು. ಇದ್ದದ್ದಕ್ಕಿಂತ ಕೆಟ್ಟದ್ದು ಮಾಡಿದೆ.

ಸುಜಾತಾಬಾಯಿ ಸಂಜೆ ಬಂದು ಕೇಳಿದರು, ಸದ್ದು ಯಾತಕ್ಕೆ ಆಗುತ್ತಿತ್ತು ಎಂದು. ತಂತಿ ಎಂದೆ. ಅವರು ತಲೆಯಾಡಿಸಿ, ಪೆಟ್ಟಿಗೆ ಕಟ್ಟಿಕೊಂಡು ಹೋದರು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಗಿಣಾ ಸೇತುವೆ ದಾಟಿದ ಮೇಲಿನ ಏರಿನಲ್ಲಿ ಅವರು ಬಿದ್ದರು. ಹಿಂದೆ ಫರ್ಸಿ ಕಲ್ಲು ತುಂಬಿದ ಲಾರಿ ಇತ್ತು. ಜಾಗದಲ್ಲೇ ಹೋದರು.

ನನಗೆ ಸುದ್ದಿ ತಿಳಿದದ್ದು ಚಹಾದಂಗಡಿಯಲ್ಲಿ. ಲಾರಿಯವನು ಗುದ್ದಿದ ಎಂದು ಒಬ್ಬರು, ಆಕೆಯೇ ಬಿದ್ದಳು ಎಂದು ಇನ್ನೊಬ್ಬರು. ಯಾರ ಸೈಕಲ್ಲು ಎಂದು ತಿಳಿದಾಗ ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. ಆಗಲೂ ನನಗೆ ತಿರುಪು ನೆನಪಾಗಲಿಲ್ಲ. ಒಳ್ಳೆಯ ಹೆಣ್ಣುಮಗಳು ಹೋದಳಲ್ಲ ಎಂದಷ್ಟೇ ಅನ್ನಿಸಿತು.

ಮರುದಿನ ಪೊಲೀಸರು ಸೈಕಲ್ಲನ್ನು ಮೂರು ಗಾಲಿಯ ಟಂಟಂನಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ತಂದರು. ಠಾಣೆಯ ಫೌಜದಾರರು ಜೊತೆಯಲ್ಲಿದ್ದರು. ಲಾರಿಯ ಡ್ರೈವರು ತಾಂಡೂರು ಕಡೆಯವನು, ಹಿಡಿದು ಒಳಗೆ ಹಾಕಿದ್ದೇವೆ, ಆಕೆಯ ಗಾಲಿ ತಾನೇ ಹಿಡಿದುಕೊಂಡು ನಿಂತಿತು, ಆಕೆ ಲಾರಿಯ ಮುಂದೆ ಹಾರಿ ಬಿದ್ದಳು, ಬ್ರೇಕ್ ಹಾಕಿದರೂ ಕಲ್ಲಿನ ಭಾರಕ್ಕೆ ಗಾಡಿ ಅಷ್ಟರೊಳಗೆ ನಿಲ್ಲಲಿಲ್ಲ ಎಂದು ಅವನು ಒಂದೇ ಮಾತು ಹೇಳುತ್ತಿದ್ದಾನೆ, ಯಾರೂ ನಂಬುತ್ತಿಲ್ಲ ಎಂದರು. ಗೇರಿನ ಕೆಲಸ ನಿನಗೇ ಗೊತ್ತು, ನೋಡಿ ಹೇಳು ಎಂದರು.

ನಾನು ಸೈಕಲ್ಲಿನ ಹಿಂದೆ ಕೂತೆ. ಸೋಮವಾರ ಕೂರಬೇಕಾಗಿದ್ದ ಜಾಗದಲ್ಲಿ ಗುರುವಾರ ಕೂತೆ.

ಡ್ರೇಲರು ಕಡ್ಡಿಗಳ ನಡುವೆ ಸಿಕ್ಕಿಕೊಂಡು ಮೇಲಕ್ಕೆ ಸುತ್ತಿಕೊಂಡಿತ್ತು. ಏಳು ಕಡ್ಡಿ ಕತ್ತರಿಸಿದ್ದವು. ಚೈನು ಎಲ್ಲಕ್ಕಿಂತ ದೊಡ್ಡ ಹಲ್ಲಿನ ಆಚೆ, ಹಲ್ಲಿಗೂ ಕಡ್ಡಿಗೂ ನಡುವೆ ಬಿದ್ದಿತ್ತು. ಲಾರಿ ಹರಿದದ್ದು ಮುಂದಿನ ಗಾಲಿಯ ಮೇಲೆ. ಹಿಂದಿನ ಗಾಲಿಗೆ ಲಾರಿ ಮುಟ್ಟಿರಲೇ ಇಲ್ಲ. ಎರಡನೆಯ ತಿರುಪಿನ ತಲೆಯ ಮೇಲೆ ನನ್ನ ಸ್ಕ್ರೂ ಡ್ರೈವರಿನ ಹೊಸ ಗೀರು ಹೊಳೆಯುತ್ತಿತ್ತು.

ಫೌಜದಾರರು ಮತ್ತೆ ಕೇಳಿದರು. "ಲಾರಿ ಬಡಿದು ಹಿಂಗಾಗ್ಯದೋ, ಮೊದಲ ಹಿಂಗಾಗಿತ್ತೋ?"

"ಬಡಿದಿದ್ದಕ್ಕ ಆಗಿರಬೇಕ್ರಿ ಸಾಹೇಬ್ರ" ಅಂದೆ.

ಅವರು ಬರೆದುಕೊಂಡರು. ನಾನು ಸಹಿ ಮಾಡಿದೆ. ಈ ಬರಹದಲ್ಲಿ ಇದಕ್ಕಿಂತ ಕೆಟ್ಟ ಸಾಲು ಇನ್ನೊಂದಿಲ್ಲ. ತಿರುಪು ಬಿಚ್ಚಿದ್ದು ಅಜಾಗರೂಕತೆ. ಇದು ಹಾಗಲ್ಲ, ಎಲ್ಲ ಗೊತ್ತಿದ್ದೂ ಹೇಳಿದ್ದು.

ಆಮೇಲಿನ ಎಂಟು ದಿನ ನಾನು ಅಂಗಡಿ ತೆರೆದೆ, ಕೆಲಸ ಮಾಡಿದೆ, ಉಂಡೆ. ಹೆಂಡತಿ ನಾಗಮ್ಮ ಏನಾಗಿದೆ ಎಂದು ಕೇಳಿದಳು, ಜ್ವರ ಎಂದೆ. ಚಹಾದಂಗಡಿಯಲ್ಲಿ ಮಾತು ಈಗ ಒಂದು ರೂಪಕ್ಕೆ ಬಂದಿತ್ತು. ಹೆಣ್ಣುಮಗಳು, ವಯಸ್ಸಾದಾಕಿ, ಗೇರಿನ ಸೈಕಲ್ಲು ಆಕಿಗೆ ಯಾಕೆ ಬೇಕಿತ್ತು, ಗೇರು ತಪ್ಪಾಗಿ ಹಾಕಿ ಜೋಲಿ ತಪ್ಪಿರಬೇಕು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಗೇರಿನ ವಿಷಯ ತಿಳಿದವನೆಂದು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಒಂಬತ್ತನೆಯ ದಿನ ರೈಲು ಹತ್ತಿ ಶಹಾಬಾದಿಗೆ ಹೋದೆ. ಖಾಸಿಂ ಉಸ್ತಾದರು ಹಾಸಿಗೆ ಹಿಡಿದು ಒಂದು ವರ್ಷವಾಗಿತ್ತು. ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತು. ಸೋಮವಾರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಡ್ರೇಲರಿನ ಕಿವಿ ಎಷ್ಟು ಬಾಗಿತ್ತು, ತಿರುಪು ಎಷ್ಟು ಬಿಚ್ಚಿದೆ, ಆಕೆ ಯಾವ ಮಾತಿನಲ್ಲಿ ಹೇಳಿದ್ದರು ಎಂದು ಒಂದೊಂದನ್ನೇ ಕೇಳಿದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಆ ಡ್ರೈವರ್ ಒಳಗ ಇದ್ದಾನಲ್ಲ?" ಎಂದರು.

ಹೌದು ಅಂದೆ.

"ಅಂದ್ರ ನನ್ನ ಹತ್ರ ಯಾಕ್ ಬಂದಿ? ಹೇಳಬೇಕಾದವರ ಮುಂದ ಹೇಳು. ಹೇಳಿದ ಮ್ಯಾಲ ಬಾ. ಅಲ್ಲೀತನಕ ಈ ಮನಿಗೆ ಬರಬ್ಯಾಡ."

ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರ ಸೊಸೆ ತಂದ ಚಹಾ ಕುಡಿಯದೆ ಎದ್ದು ಬಂದೆ.

ಚಿತ್ತಾಪುರಕ್ಕೆ ಬಂದವನೇ ನೇರ ಠಾಣೆಗೆ ಹೋದೆ. ಫೌಜದಾರರಿಗೆ ಎಲ್ಲ ಹೇಳಿದೆ. ಅವರು, ಮೊದಲಿನ ಹೇಳಿಕೆಯಲ್ಲಿ ನಿನ್ನ ಸಹಿ ಇದೆ, ಈಗ ಇದೇನು ಎಂದರು. ಅದು ಸುಳ್ಳು, ಇದು ನಿಜ ಎಂದೆ. ಯಾರಾದರೂ ಹೆದರಿಸಿದರಾ, ಲಾರಿ ಮಾಲೀಕರ ಕಡೆಯವರು ಬಂದಿದ್ದರಾ ಎಂದು ಕೇಳಿದರು. ಸೈಕಲ್ಲು ಠಾಣೆಯ ಹಿಂದೆ ಬೇವಿನ ಮರದ ಕೆಳಗೆ ಬಿದ್ದಿತ್ತು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಹಿಂದೆ ಕೂಡಿಸಿ, ಬಾಗಿದ ಕಿವಿ, ಬಿಚ್ಚಿದ ತಿರುಪು, ಕತ್ತರಿಸಿದ ಕಡ್ಡಿ ಒಂದೊಂದಾಗಿ ತೋರಿಸಿದೆ. ಆಗ ನಂಬಿದರು. ಹೊಸ ಹೇಳಿಕೆ ಬರೆಸಿಕೊಂಡರು. ಡ್ರೈವರಿಗೆ ಕೆಲವು ದಿನಗಳ ಮೇಲೆ ಜಾಮೀನು ಸಿಕ್ಕಿತು. ನನ್ನ ಮೇಲೆ ಯಾವ ಕಲಂ ಹಾಕಬೇಕು ಎಂದು ಮೇಲಿನವರನ್ನು ಕೇಳುತ್ತೇವೆ ಅಂದರು. ಕೇಳಿದರೋ ಇಲ್ಲವೋ, ನನ್ನನ್ನು ಯಾರೂ ಕರೆಯಲಿಲ್ಲ. ಠಾಣೆಯ ಜೀಪು ರಸ್ತೆಯಲ್ಲಿ ಬಂದಾಗಲೆಲ್ಲ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದೆ. ಅದು ಮುಂದೆ ಹೋಗಿಬಿಡುತ್ತಿತ್ತು.

ಉಸ್ತಾದರ ಮನೆಗೆ ಮತ್ತೆ ಹೋದೆ. ಹೇಳಿದೆ ಅಂದೆ. ಕೂಡು ಅಂದರು. ಅಷ್ಟೇ. ಎರಡು ತಿಂಗಳ ಮೇಲೆ ಅವರು ತೀರಿಕೊಂಡರು.

ಅಂಗಡಿ ಬಿಟ್ಟುಬಿಡೋಣ ಅನ್ನಿಸಿತ್ತು. ನಾಗಮ್ಮನಿಗೆ ಆಗ ನಿಜ ಹೇಳಿದೆ. ಅವಳು ಅತ್ತಳು. ಆಮೇಲೆ, ಇಷ್ಟು ಸೈಕಲ್ಲು ನೀವೇ ಜೋಡಿಸಿ ಕೊಟ್ಟೀರಿ, ಅವುಗಳಲ್ಲಿ ಇನ್ನೆಷ್ಟು ಹೀಗಿವೆಯೋ, ಮೊದಲು ಅವನ್ನು ನೋಡ್ರಿ ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ. ನೆನಪಿದ್ದ ಗಿರಾಕಿಗಳ ಮನೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ವಾಡಿ, ರಾವೂರ, ಶಹಾಬಾದ್, ಒಂದೆರಡು ಸಲ ಚಿಂಚೋಳಿಯವರೆಗೂ. ಬಾಗಿಲಲ್ಲಿ ನಿಂತು, ನಿಮ್ಮ ಸೈಕಲ್ಲು ಒಮ್ಮೆ ನೋಡಬೇಕು, ನನ್ನಿಂದ ತಪ್ಪಾಗಿರಬಹುದು ಎಂದು ಹೇಳಬೇಕಾಗುತ್ತಿತ್ತು. ಕೆಲವರು ಒಳಗೆ ಕರೆದರು. ಕೆಲವರು ಹೀಗೆ ಹೇಳುವ ಮಿಸ್ತ್ರಿಯ ಹತ್ತಿರ ಇನ್ನು ಬರುವುದಿಲ್ಲ ಎಂದರು. ಕಿವಿ ಬಾಗಿದ್ದ ನಾಲ್ಕು ಸೈಕಲ್ಲು ಸಿಕ್ಕವು. ಅವುಗಳಲ್ಲಿ ಒಂದು ಎಂಟನೆಯ ಇಯತ್ತೆಯ ಹುಡುಗಿಯದು. ದಿನಾ ಅದರ ಮೇಲೆ ಶಾಲೆಗೆ ಹೋಗುತ್ತಿದ್ದಳು.

ಸೇಡಂನವರೇ, ನೀವು ಕೇಳಿದ ಕ್ರಮ ಆಗ ನಾನು ಹಾಕಿಕೊಂಡದ್ದು. ತಂದವರನ್ನು ಕೂಡಿಸಿ ಕೇಳಿ. ಬಿದ್ದಿದೆಯಾ, ಯಾವ ಕಡೆ ಬಿದ್ದಿತ್ತು, ಸದ್ದು ಯಾವ ಹಲ್ಲಿನಲ್ಲಿ, ತುಳಿದಾಗಲೋ ಖಾಲಿ ತಿರುಗಿದಾಗಲೋ. ಆಮೇಲೆ ಹಿಂದೆ ಕೂತು ಕಿವಿ ನೋಡಿ. ಬಾಗಿದ್ದರೆ ಅದನ್ನು ನೆಟ್ಟಗೆ ಮಾಡುವವರೆಗೆ ಅಥವಾ ಬದಲಿಸುವವರೆಗೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ. ಆಮೇಲೆ ತಂತಿ, ಕವಚ. ಆಮೇಲೆ ಚೈನು, ಹಲ್ಲಿನ ಸವೆತ. ತಿರುಪು ಎಲ್ಲಕ್ಕಿಂತ ಕೊನೆಗೆ. ಒಳಗಿನ ತಿರುಪನ್ನು ಮುಟ್ಟಿದರೆ ಚೈನನ್ನು ದೊಡ್ಡ ಹಲ್ಲಿಗೆ ಹಾಕಿ, ಡ್ರೇಲರನ್ನು ಕೈಯಿಂದ ಕಡ್ಡಿಯ ಕಡೆಗೆ ಒತ್ತಿ ನೋಡಿ. ಕಡ್ಡಿಗೆ ತಾಗಬಾರದು. ಕೊನೆಗೆ ನೀವೇ ಹತ್ತಿ ಒಂದು ಏರು ತುಳಿದು ಬನ್ನಿ. ಗಿರಾಕಿ ಅವಸರ ಮಾಡಿದರೆ ಸೈಕಲ್ಲು ಕೊಡಬೇಡಿ. ನಾನು ಕೊಡದೆ ಬೈಸಿಕೊಂಡಿದ್ದೇನೆ, ಒಮ್ಮೆ ಕಪಾಳಕ್ಕೂ ಹೊಡೆಸಿಕೊಂಡಿದ್ದೇನೆ.

ಸುಜಾತಾಬಾಯಿ ತೀರಿ ಒಂದು ವರ್ಷ ಆಗುತ್ತ ಬಂದಿತ್ತು. ಲಾರಿಯ ಕೇಸು ಚಿತ್ತಾಪುರದ ಕೋರ್ಟಿನಲ್ಲಿ ನಡೆಯುತ್ತಿತ್ತು. ನನ್ನ ಎರಡನೆಯ ಹೇಳಿಕೆಯನ್ನು ಅಲ್ಲಿ ಓದಿದರು. ಮೊದಲಿನದು ಸುಳ್ಳೆಂದು ಎದ್ದು ನಿಂತು ಒಪ್ಪಿಕೊಂಡೆ. ಸುಜಾತಾಬಾಯಿಯ ಗಂಡ ಮಿಲಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಊರಲ್ಲೇ ಒಂದು ಕಚೇರಿಯಲ್ಲಿ ಜವಾನರಾಗಿದ್ದವರು, ಕಡಿಮೆ ಮಾತಿನ ಮನುಷ್ಯ. ವರ್ಷವಿಡೀ ಅವರ ಮುಖ ನೋಡುವ ಧೈರ್ಯ ನನಗೆ ಬಂದಿರಲಿಲ್ಲ. ಠಾಣೆಯಲ್ಲಿ ಹೇಳಿದ್ದೇನೆ, ಅವರಿಗೆ ತಿಳಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ತಿಳಿದಿರಲಿಲ್ಲ. ಅವರು ಕೇಳಿದ್ದು ಅವತ್ತೇ ಮೊದಲು.

ಮರುದಿನ ಅಂಗಡಿಗೆ ಬಂದರು. ನಾನು ಎದ್ದು ನಿಂತೆ. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಆಕಿ ನಿಮಗ ಹೇಳಿದ್ಳೇನು, ಸದ್ದು ಬರ್ತದ ಅಂತ?" ಎಂದು ಕೇಳಿದರು.

"ಹೇಳಿದ್ರು. ಬಿದ್ದಿದ್ದೂ ಹೇಳಿದ್ರು, ಯಾವ ಕಡೆ ಬಿತ್ತು ಅಂತನೂ ಹೇಳಿದ್ರು. ನಾ ಕೇಳಲಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಹೊಡೆದರೆ ಹೊಡೆಸಿಕೊಳ್ಳಬೇಕೆಂದು ನಾನು ಕೈ ಕೆಳಗೆ ಬಿಟ್ಟು ನಿಂತಿದ್ದೆ. ಅವರು ಹೊಡೆಯಲಿಲ್ಲ. ನಿಧಾನವಾಗಿ ಹೇಳಿದರು: ಒಂದು ವರ್ಷದಿಂದ ಊರಲ್ಲಿ ಎಲ್ಲರೂ ಒಂದೇ ಮಾತು ಆಡುತ್ತಾರೆ, ಆಕೆಗೆ ಗೇರಿನ ಸೈಕಲ್ಲು ಹೊಡೆಯಲು ಬರುತ್ತಿರಲಿಲ್ಲ, ಹಟ ಮಾಡಿ ತಂದಳು, ಗಂಡ ಬೇಡ ಅನ್ನಬೇಕಿತ್ತು ಎಂದು. ಆಕೆಯ ಜಾಗಕ್ಕೆ ಬಂದ ಹೊಸ ಹುಡುಗಿಗೂ ಸೈಕಲ್ಲು ಹತ್ತಬೇಡ ಎಂದು ಆಕೆಯ ಹೆಸರು ಹೇಳಿ ಹೆದರಿಸುತ್ತಾರಂತೆ. ಕೊನೆಕೊನೆಗೆ ನಾನೂ ಹಾಗೇ ನಂಬಿದ್ದೆ ಎಂದರು.

"ಬರೋ ಐತವಾರ ಆಕಿದು ವರ್ಷದ ಪುಣ್ಯಸ್ಮರಣೆ ಅದ. ಬುದ್ಧವಿಹಾರದಾಗ ಎಲ್ಲಾರೂ ಕೂಡತಾರ. ಕೋರ್ಟಿನಾಗ ಹೇಳಿದ್ದು ಅಲ್ಲಿ ಬಂದು ಹೇಳ್ರಿ" ಎಂದು ಹೇಳಿ ಹೋದರು.

ದಂಡೋತಿಗೆ ಬಸ್ಸಿನಲ್ಲಿ ಹೋದೆ. ನಾಗಮ್ಮ ಜೊತೆಗೆ ಬರುತ್ತೇನೆ ಎಂದಳು, ಬೇಡ ಎಂದೆ. ಬಸ್ಸು ಸೇತುವೆ ದಾಟಿ ಆ ಏರು ಹತ್ತುವಾಗ ಕಣ್ಣು ಮುಚ್ಚಿಕೊಂಡೆ.

ವಿಹಾರದ ಮುಂದೆ ಶಾಮಿಯಾನ ಹಾಕಿದ್ದರು. ಬಿಳಿ ಸೀರೆ ಉಟ್ಟ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಸುಜಾತಾಬಾಯಿಯ ಫೋಟೋಕ್ಕೆ ಹಾರ ಹಾಕಿ ಮೇಣದ ಬತ್ತಿ ಹಚ್ಚಿದ್ದರು. ಬುದ್ಧವಂದನೆ ಮುಗಿಯಿತು. ಆಕೆ ಕೈಹಿಡಿದು ಹೆರಿಗೆ ಮಾಡಿಸಿದ ಹೆಂಗಸರಿಬ್ಬರು ಎದ್ದು ನಾಲ್ಕು ಮಾತು ಆಡಿದರು. ಆಮೇಲೆ ಮಿಲಿಂದ ನನ್ನ ಕಡೆ ನೋಡಿದರು.

ಎದ್ದು ನಿಂತೆ. ನಾನು ಭಾಷಣ ಮಾಡಿದವನಲ್ಲ. ನನ್ನ ಹೆಸರು ಹೇಳಿದೆ, ಕೆಲಸ ಹೇಳಿದೆ. ಸುಜಾತಾಬಾಯಿ ಸೋಮವಾರ ಬಂದದ್ದು, ಏನು ಕೆಟ್ಟಿದೆ ಎಂದು ನನಗಿಂತ ಚೆನ್ನಾಗಿ ಹೇಳಿದ್ದು, ನಾನು ತಲೆ ಎತ್ತದೆ ಇದ್ದದ್ದು, ತಿರುಪು ಬಿಚ್ಚಿದ್ದು, ಆಮೇಲೆ ಪೊಲೀಸರ ಮುಂದೆ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಗಂಡಸರ ಕಡೆಯಿಂದ ಒಬ್ಬರು ಎದ್ದು ಹೊರಗೆ ಹೋದರು. ನಾನು ಹೊರಡಬೇಕೋ ಕೂರಬೇಕೋ ತಿಳಿಯದೆ ನಿಂತಿದ್ದೆ.

ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದ ಒಬ್ಬ ಮುದುಕಿ ಕೈ ಎತ್ತಿ ನಿಲ್ಲು ಅನ್ನುವಂತೆ ಸನ್ನೆ ಮಾಡಿದಳು. ಸುಜಾತಾಬಾಯಿಯ ತಾಯಿ ಎಂದು ಮಿಲಿಂದ ಮೆಲ್ಲಗೆ ಹೇಳಿದರು. ಆಕೆಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ನನ್ನ ದನಿ ಬಂದ ಕಡೆಗೆ ಮುಖ ಮಾಡಿದ್ದಳು.

"ಆ ಏರಿನಾಗ ನನ್ನ ಮಗಳು ಗೇರ್ ತಪ್ಪ ಹಾಕಿದ್ಳೇನಪ್ಪ?" ಎಂದು ಕೇಳಿದಳು.

"ಇಲ್ಲವ್ವ" ಎಂದೆ. "ಸರಿ ಹಾಕಿದ್ರು. ಆ ಏರಿಗೆ ಹಾಕಬೇಕಾದ್ದು ಅದೇ ಗೇರು. ನಾ ಹತ್ತಿದ್ರೂ ಅದೇ ಹಾಕ್ತಿದ್ದೆ."

ಮುದುಕಿ ಪಕ್ಕದಲ್ಲಿ ಕೂತವಳ ತೋಳು ತಡಕಿ ಹಿಡಿದು, "ಸರಿ ಹಾಕಿದ್ಳಂತ" ಎಂದಳು. ಆ ಹೆಂಗಸು ಹಿಂದಿನ ಸಾಲಿಗೆ ತಿರುಗಿ ಅದನ್ನೇ ಹೇಳಿದಳು. ನಾನು ನಿಂತಲ್ಲಿಂದ ಕೇಳುತ್ತಿದ್ದೆ. ಮಾತು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಶಾಮಿಯಾನದ ಕೊನೆಯವರೆಗೆ ಹೋಯಿತು.